ಸಾವಯವ ರಸಾಯನಶಾಸ್ತ್ರವನ್ನು ಬಾಣದಿಂದ ಆರಂಭಿಸುವ ಬಗ್ಗೆ

ಪದವಿಪೂರ್ವ ಹಂತದ ವಿದ್ಯಾರ್ಥಿಗಳಿಗೆ ಸಾವಯವ ರಸಾಯನಶಾಸ್ತ್ರದ ಮೊದಲ ಪಾಠ ಯಾವುದಾಗಿರಬೇಕು ಎಂಬ ಪ್ರಶ್ನೆಗೆ ಹೆಚ್ಚಿನ ಪಠ್ಯಪುಸ್ತಕಗಳು ಕೊಡುವ ಉತ್ತರ ನಾಮಕರಣ. ಮೀಥೇನ್, ಈಥೇನ್, ಪ್ರೊಪೇನ್ ಎಂದು ಆರಂಭವಾಗಿ, ಉದ್ದದ ಸರಪಳಿಯನ್ನು ಹುಡುಕುವುದು, ಕಡಿಮೆ ಸಂಖ್ಯೆ ಬರುವ ಕಡೆಯಿಂದ ಎಣಿಸುವುದು, ಕ್ರಿಯಾಗುಂಪಿಗೆ ತಕ್ಕ ಪ್ರತ್ಯಯ ಹಚ್ಚುವುದು, ಹೀಗೆ ಪಾಠಗಳು ಸಾಗುತ್ತವೆ. ಇದು ಕಷ್ಟದ ವಿಷಯವೇನಲ್ಲ. ಮಕ್ಕಳು ಬೇಗ ಕಲಿಯುತ್ತಾರೆ, ಅಂಕವನ್ನೂ ಗಳಿಸುತ್ತಾರೆ. ಆದರೆ ಇಡೀ ವಿಷಯವೇ ಪಟ್ಟಿಗಳ ಸರಮಾಲೆ ಎಂಬ ಭಾವನೆ ಅಲ್ಲಿಯೇ ಬೇರೂರುತ್ತದೆ. ಹ್ಯಾಲೋಆಲ್ಕೇನ್‌ಗಳ ಅಧ್ಯಾಯಕ್ಕೆ ಬರುವ ಹೊತ್ತಿಗೆ, ಇದು ಬಾಯಿಪಾಠ ಮಾಡಬೇಕಾದ ವಿಷಯ ಎಂದು ತರಗತಿಯ ಬಹುಪಾಲು ಮಂದಿ ತೀರ್ಮಾನಿಸಿಬಿಟ್ಟಿರುತ್ತಾರೆ. ಆ ತೀರ್ಮಾನವನ್ನು ಆಮೇಲೆ ಬದಲಾಯಿಸುವುದು ಬಹಳ ಕಷ್ಟ. ಆದ್ದರಿಂದ ಹೆಸರುಗಳನ್ನು ಅಗತ್ಯ ಬಿದ್ದಂತೆ ಕಲಿಸುತ್ತಾ, ಮೊದಲ ವಾರಗಳ ಸಿಂಹಪಾಲನ್ನು ಎಲೆಕ್ಟ್ರಾನ್‌ಗಳು ಎಲ್ಲಿವೆ, ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗೆ, ಅದನ್ನು ತೋರಿಸುವ ಬಾಗಿದ ಬಾಣಕ್ಕೆ ಮೀಸಲಿಡಬೇಕು ಎಂಬುದು ನನ್ನ ನಿಲುವು.

ಅದಕ್ಕೂ ಮೊದಲು ಒಂದಿಷ್ಟು ನೆಲ ಹಸನಾಗಬೇಕು. ಮೆಥನಾಲ್‌ನ ಆಕ್ಸಿಜನ್ ಮೇಲೆ ಬಂಧದಲ್ಲಿ ತೊಡಗದ ಎರಡು ಎಲೆಕ್ಟ್ರಾನ್ ಜೋಡಿಗಳಿವೆ ಎಂಬುದನ್ನು ಕೇಳದೆಯೇ ಬರೆಯುವ ಅಭ್ಯಾಸವಿಲ್ಲದ ವಿದ್ಯಾರ್ಥಿಗೆ, ಆ ಜೋಡಿ ಎಲ್ಲಿಗೋ ಹೋಗಿ ಬಂಧ ರಚಿಸುತ್ತದೆ ಎಂದು ಹೇಳಿ ಪ್ರಯೋಜನವಿಲ್ಲ. ಗೆರೆಗಳಲ್ಲೇ ಅಣುವನ್ನು ಸೂಚಿಸುವ ರಚನಾಸೂತ್ರಗಳು ನಮಗೆ ಅನುಕೂಲ. ಹೊಸಬರಿಗೆ ಅವು ಬಲೆ. ಪ್ರತಿ ಮೂಲೆಯಲ್ಲೂ ಒಂದು ಕಾರ್ಬನ್ ಇದೆ, ಕಾಣದ ಹೈಡ್ರೋಜನ್‌ಗಳೂ ಇವೆ ಎಂಬುದು ಮನಸ್ಸಿಗೆ ಇಳಿಯುವ ಮುನ್ನವೇ ಆ ಗೆರೆಗಳನ್ನು ಬಳಸತೊಡಗಿದರೆ, ಉತ್ತರಪತ್ರಿಕೆಗಳಲ್ಲಿ ಐದು ಬಂಧಗಳ ಕಾರ್ಬನ್ ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ. ಮೊದಲ ತಿಂಗಳು ಹೈಡ್ರೋಜನ್‌ಗಳನ್ನು ಬಿಡಿಸಿ ಬರೆಸುವುದೇ ಒಳ್ಳೆಯದು, ಕಾಗದ ಹೆಚ್ಚು ಖರ್ಚಾದರೂ ಚಿಂತೆಯಿಲ್ಲ.

ಆಕಾರದ ವಿಷಯವೂ ಹೀಗೆಯೇ. ಕಾರ್ಬನ್‌ನ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿವೆ ಎಂದು ವಾಂಟ್ ಹಾಫ್ ಮತ್ತು ಲ ಬೆಲ್ 1874ರಲ್ಲಿ ಪ್ರತ್ಯೇಕವಾಗಿ ಸೂಚಿಸಿದರು. ಕಪ್ಪುಹಲಗೆ ಮಾತ್ರ ಇಂದಿಗೂ ಚಪ್ಪಟೆಯಾಗಿಯೇ ಇದೆ. ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್ ಇರುವ ಆಲ್ಕೇನ್‌ನ ಸಮಾಂಗಿಗಳನ್ನೆಲ್ಲ (ಅದೇ ಪರಮಾಣುಗಳು ಬೇರೆ ಬೇರೆ ರೀತಿ ಜೋಡಿಸಿಕೊಂಡ ಅಣುಗಳನ್ನು) ಬರೆಯಿರಿ ಎಂದರೆ ಐದಾರು ಚಿತ್ರಗಳು ಬರುತ್ತವೆ, ಇರುವುದು ಮೂರೇ. ಉಳಿದವೆಲ್ಲ 2-ಮೀಥೈಲ್‌ಬ್ಯೂಟೇನ್ ಅನ್ನೇ ತಿರುಗಿಸಿ, ಮಡಚಿ ಬರೆದವು. ಇಲ್ಲಿ ಕೋಲು-ಗುಂಡಿನ ಮಾದರಿಯನ್ನು ಮಕ್ಕಳ ಕೈಗೆ ಕೊಟ್ಟುಬಿಡಬೇಕು, ವಿವರಣೆ ಬೇಕಾಗುವುದಿಲ್ಲ. ನಿಜವಾದ ಮೂರು ಸಮಾಂಗಿಗಳ ಕುದಿಬಿಂದುಗಳನ್ನು (ಸುಮಾರು 36, 28 ಮತ್ತು 9.5 ಡಿಗ್ರಿ ಸೆಲ್ಸಿಯಸ್) ಪಕ್ಕದಲ್ಲಿ ಬರೆದರೆ, ಸಮಾಂಗಿ ಎಂದರೆ ಬೇರೆಯೇ ವಸ್ತು, ಬೇರೆ ಚಿತ್ರವಷ್ಟೇ ಅಲ್ಲ ಎಂಬುದೂ ಸ್ಪಷ್ಟವಾಗುತ್ತದೆ.

ಇನ್ನು ಬಾಣ. ಎಲೆಕ್ಟ್ರಾನ್ ಜೋಡಿಯ ಚಲನೆಯನ್ನು ಬಾಗಿದ ಬಾಣದಿಂದ ತೋರಿಸುವ ಪದ್ಧತಿ 1922ರ ಹೊತ್ತಿಗೆ ರಾಬರ್ಟ್ ರಾಬಿನ್‌ಸನ್ ಅವರ ಬರಹಗಳಲ್ಲಿ ಬಳಕೆಗೆ ಬಂತು. ನಿಯಮ ಸರಳ: ಬಾಣದ ಬಾಲ ಎಲೆಕ್ಟ್ರಾನ್‌ಗಳು ಇರುವಲ್ಲಿ, ಅಂದರೆ ಬಂಧದ ಮೇಲೋ ಬಂಧದಲ್ಲಿ ತೊಡಗದ ಒಂಟಿ ಜೋಡಿಯ ಮೇಲೋ ಇರಬೇಕು, ತಲೆ ಅವು ಸೇರುವಲ್ಲಿರಬೇಕು. ಇಷ್ಟಾದರೂ ದ್ವಿಬಂಧಕ್ಕೆ ಪ್ರೋಟಾನ್ (ಅಂದರೆ ಹೈಡ್ರೋಜನ್ ಅಯಾನು) ಸೇರುವ ಹಂತವನ್ನು ಬರೆಯಲು ಹೇಳಿದಾಗ, ತರಗತಿಯ ಒಂದು ದೊಡ್ಡ ಭಾಗ ಬಾಣವನ್ನು ಹೈಡ್ರೋಜನ್ ಅಯಾನಿನಿಂದ ದ್ವಿಬಂಧದತ್ತ ಎಳೆಯುತ್ತದೆ. ಅವರನ್ನು ದೂರುವಂತಿಲ್ಲ. ಭೌತಶಾಸ್ತ್ರದಲ್ಲಿ ಅವರು ಕಂಡ ಬಾಣಗಳೆಲ್ಲ ಚಲಿಸುವ ವಸ್ತುವಿನ ದಿಕ್ಕನ್ನೇ ಹೇಳಿದ್ದವು. ಇಲ್ಲಿ ಚಲಿಸುವ ವಸ್ತು ಅವರ ಕಣ್ಣಿಗೆ ಪ್ರೋಟಾನ್. ಇದಕ್ಕೆ ನಾನು ಕಂಡುಕೊಂಡ ಪರಿಹಾರ ತೀರಾ ಸಾದಾ. ಪ್ರತಿ ಬಾಣವನ್ನು ಎಳೆದ ಮೇಲೆ, ‘ಈ ಬಾಣದ ಬಾಲದಲ್ಲಿರುವ ಎರಡು ಎಲೆಕ್ಟ್ರಾನ್‌ಗಳನ್ನು ಬೆರಳಿಟ್ಟು ತೋರಿಸು’ ಎಂದು ಕೇಳುತ್ತೇನೆ. ಹೈಡ್ರೋಜನ್ ಅಯಾನಿನ ಮೇಲೆ ಬೆರಳಿಟ್ಟ ಹುಡುಗ ತಾನೇ ಕೈ ಹಿಂದೆಳೆದುಕೊಳ್ಳುತ್ತಾನೆ, ಅಲ್ಲಿ ತೋರಿಸಲು ಒಂದು ಎಲೆಕ್ಟ್ರಾನ್ ಕೂಡ ಇಲ್ಲ.

ಬಾಣದ ಶಕ್ತಿ ಏನೆಂದು ತೋರಿಸಲು ಪ್ರೊಪೀನ್ ಮತ್ತು ಹೈಡ್ರೋಜನ್ ಬ್ರೋಮೈಡ್‌ಗಳ ಕ್ರಿಯೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ದ್ವಿಬಂಧದ ಎಲೆಕ್ಟ್ರಾನ್ ಜೋಡಿ ಹೈಡ್ರೋಜನ್ ಅನ್ನು ಹಿಡಿಯುತ್ತದೆ, ಹೈಡ್ರೋಜನ್-ಬ್ರೋಮಿನ್ ಬಂಧದ ಜೋಡಿ ಬ್ರೋಮಿನ್ ಜೊತೆ ಹೊರಟುಹೋಗುತ್ತದೆ. ಹೈಡ್ರೋಜನ್ ತುದಿಯ ಕಾರ್ಬನ್‌ಗೆ ಸೇರಿದರೆ ಧನಾವೇಶ ನಡುವಿನ ಕಾರ್ಬನ್ ಮೇಲೆ. ನಡುವಿನದಕ್ಕೆ ಸೇರಿದರೆ ತುದಿಯ ಮೇಲೆ. ಹೀಗೆ ಕಾರ್ಬನ್ ಮೇಲೆ ಧನಾವೇಶ ಹೊತ್ತ ಎರಡೂ ಅಯಾನುಗಳನ್ನು, ಅಂದರೆ ಕಾರ್ಬೊಕೆಟಯಾನ್‌ಗಳನ್ನು, ಅಕ್ಕಪಕ್ಕದಲ್ಲಿ ಬರೆಸಬೇಕು. ನಡುವಿನ ಕಾರ್ಬನ್‌ಗೆ ಎರಡು ಕಡೆಯಿಂದ ಮೀಥೈಲ್ ಗುಂಪುಗಳ ಆಸರೆ ಇದೆ. ಅವು ತಮ್ಮ ಬಂಧಗಳ ಎಲೆಕ್ಟ್ರಾನ್ ಸಾಂದ್ರತೆಯಲ್ಲಿ ಸ್ವಲ್ಪವನ್ನು ಆ ಕೊರತೆಯತ್ತ ಹಂಚುತ್ತವೆ. ಹೀಗಾಗಿ ಆ ದಾರಿಯೇ ಸುಲಭ, ಉತ್ಪನ್ನ 2-ಬ್ರೋಮೋಪ್ರೊಪೇನ್.

ಇದನ್ನೇ ಮಾರ್ಕೊವ್ನಿಕಾಫ್ ನಿಯಮ ಒಂದೇ ವಾಕ್ಯದಲ್ಲಿ ಹೇಳುತ್ತದೆ: ಹೆಚ್ಚು ಹೈಡ್ರೋಜನ್ ಇರುವ ಕಾರ್ಬನ್‌ಗೇ ಇನ್ನೊಂದು ಹೈಡ್ರೋಜನ್. ಹಾಗಾದರೆ ಇಷ್ಟೆಲ್ಲ ಸುತ್ತು ಏಕೆ ಎಂದು ಮಕ್ಕಳು ಕೇಳುವುದು ನ್ಯಾಯ. ಅದಕ್ಕೆ ನನ್ನ ಉತ್ತರ ಇನ್ನೊಂದು ಅಣು. ಪ್ರೊಪೀನ್‌ನ ಮೀಥೈಲ್ ಗುಂಪಿನ ಮೂರೂ ಹೈಡ್ರೋಜನ್‌ಗಳ ಜಾಗದಲ್ಲಿ ಫ್ಲೋರಿನ್ ಇಟ್ಟು, ಈಗ ಹೈಡ್ರೋಜನ್ ಬ್ರೋಮೈಡ್ ಹೇಗೆ ಸೇರುತ್ತದೆ ಎಂದು ಕೇಳುತ್ತೇನೆ. ನಿಯಮವನ್ನಷ್ಟೇ ಕಲಿತವರು ಹಳೆಯ ಉತ್ತರವನ್ನೇ ಬರೆಯುತ್ತಾರೆ. ಎರಡು ಕಾರ್ಬೊಕೆಟಯಾನ್‌ಗಳನ್ನು ಬರೆದು ನೋಡಿದವರಿಗೆ ಮಾತ್ರ, ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವ ಫ್ಲೋರಿನ್ ಗುಂಪಿನ ಮಗ್ಗುಲಲ್ಲೇ ಧನಾವೇಶ ಬರುವುದು ಎಷ್ಟು ಕಷ್ಟ ಎಂಬುದು ಕಾಣುತ್ತದೆ. ಬ್ರೋಮಿನ್ ತುದಿಗೆ ಹೋಗುತ್ತದೆ ಎಂದು ಅವರು ಸರಿಯಾಗಿ ಊಹಿಸುತ್ತಾರೆ. ನಿಯಮ ಸೋತದ್ದರಲ್ಲಿ ಆಶ್ಚರ್ಯವಿಲ್ಲ: ಮಾರ್ಕೊವ್ನಿಕಾಫ್ ಅದನ್ನು ರೂಪಿಸಿದ್ದು 1869-70ರ ಸುಮಾರಿಗೆ, ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಕಂಡದ್ದನ್ನು ಅವರು ಪ್ರಾಮಾಣಿಕವಾಗಿ ದಾಖಲಿಸಿದರು, ಕಾರಣ ಹೇಳುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ. ಪೆರಾಕ್ಸೈಡ್ ಇದ್ದಾಗ ಹೈಡ್ರೋಜನ್ ಬ್ರೋಮೈಡ್ ಪ್ರೊಪೀನ್‌ಗೂ ತಿರುಗುಮುರುಗಾಗಿ ಸೇರುವ ಸಂಗತಿಯನ್ನು ನಾನು ಈ ಹಂತದಲ್ಲಿ ಬೇಕೆಂದೇ ಎತ್ತುವುದಿಲ್ಲ. ಅದು ಒಂಟಿ ಎಲೆಕ್ಟ್ರಾನ್‌ಗಳ ಕಥೆ, ಅರ್ಧ ತಲೆಯ ಬಾಣ ಬೇಕು. ಎರಡನ್ನೂ ಒಟ್ಟಿಗೆ ಕಲಿಸಿದರೆ ಎರಡೂ ಕಲಸಿಹೋಗುತ್ತವೆ.

ಬಾಣದ ಜೊತೆಗೆ ಕಲಿಸಲೇಬೇಕಾದ ಇನ್ನೊಂದು ಸಾಧನ ಆಮ್ಲಬಲದ ಅಳತೆಯಾದ ಪಿಕೆಎ; ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಅಸಿಟಿಕ್ ಆಮ್ಲಕ್ಕೆ 4.76, ಫೀನಾಲ್‌ಗೆ ಸುಮಾರು 10, ಎಥನಾಲ್‌ಗೆ ಸುಮಾರು 16, ಅಸಿಟಿಲೀನ್‌ಗೆ ಸುಮಾರು 25, ಅಮೋನಿಯಕ್ಕೆ ಸುಮಾರು 38: ಇಷ್ಟನ್ನು ಗೋಡೆಯ ಮೇಲೆ ಬರೆದಿಟ್ಟರೆ ಸಾಕು. ಪ್ರೋಟಾನ್ ಕಳೆದುಕೊಂಡ ಮೇಲೆ ಉಳಿಯುವ ಋಣಾವೇಶ ಎಲ್ಲಿ ಕೂರುತ್ತದೆ, ಎಷ್ಟು ಪರಮಾಣುಗಳ ಮೇಲೆ ಹಂಚಿಹೋಗುತ್ತದೆ ಎಂದು ಕೇಳಿದರೆ ಈ ಸಂಖ್ಯೆಗಳ ಕ್ರಮಕ್ಕೆ ಅರ್ಥ ಬರುತ್ತದೆ. ಅಸಿಟಿಲೀನ್‌ನಿಂದ ಪ್ರೋಟಾನ್ ಕೀಳಲು ಸೋಡಿಯಂ ಹೈಡ್ರಾಕ್ಸೈಡ್ ಸಾಲದು, ಅಮೋನಿಯದಿಂದ ಬರುವ ಪ್ರತ್ಯಾಮ್ಲವಾದ ಸೋಡಮೈಡ್ ಬೇಕು ಎಂಬುದನ್ನು ಪುಸ್ತಕ ಕಾರಣವಿಲ್ಲದೆ ಹೇಳಿ ಮುಗಿಸುತ್ತದೆ. ನೀರಿನ ಪಿಕೆಎ ಸುಮಾರು 15.7 ಎಂದು ಪಟ್ಟಿಗೆ ಸೇರಿಸಿದರೆ ಮಕ್ಕಳೇ ಕಾರಣ ಹೇಳುತ್ತಾರೆ.

ಪರೀಕ್ಷೆಯಲ್ಲಿ ಕೇಳುವುದು ಹೆಸರಿನ ಕ್ರಿಯೆಗಳನ್ನು, ಕಾರಕಗಳನ್ನು. ಬಾಣಕ್ಕೆ ಸಮಯವೆಲ್ಲಿ ಎಂಬುದು ಸಹೋದ್ಯೋಗಿಗಳ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ. ಯಾವ ಕಾರಕ ಆಲ್ಕೋಹಾಲನ್ನು ಆಲ್ಡಿಹೈಡ್‌ನಲ್ಲಿ ನಿಲ್ಲಿಸುತ್ತದೆ, ಯಾವುದು ಆಮ್ಲದವರೆಗೆ ಒಯ್ಯುತ್ತದೆ ಎಂಬುದನ್ನು ಈ ಹಂತದಲ್ಲಿ ನೆನಪಿಟ್ಟುಕೊಳ್ಳದೆ ಗತಿಯಿಲ್ಲ. ಬಾಣವೂ ಚಲನಚಿತ್ರವಲ್ಲ, ನಾವು ಇಡುವ ಲೆಕ್ಕವಷ್ಟೇ. ಬೆಂಜೀನ್‌ನ ಎರಡು ಕೆಕುಲೆ ರಚನೆಗಳ ನಡುವೆ ಬಾಣ ಬರೆದಾಗ, ಅಣು ಒಮ್ಮೆ ಹೀಗೆ ಒಮ್ಮೆ ಹಾಗೆ ಬದಲಾಗುತ್ತಿರುತ್ತದೆ ಎಂದೇ ಹಲವರು ತಿಳಿಯುತ್ತಾರೆ. ಆರೂ ಕಾರ್ಬನ್-ಕಾರ್ಬನ್ ಬಂಧಗಳು 139 ಪಿಕೋಮೀಟರ್ ಉದ್ದವಿದ್ದು, 154ರ ಏಕಬಂಧವೂ ಅಲ್ಲ, 134ರ ದ್ವಿಬಂಧವೂ ಅಲ್ಲ ಎಂದು ತೋರಿಸದೆ ಆ ತಪ್ಪು ಕಲ್ಪನೆ ಬಿಡುವುದಿಲ್ಲ.

ಆದರೆ ನೆನಪಿನ ಹೊರೆ ಇಳಿಯುವುದಂತೂ ನಿಜ. ಅಧ್ಯಾಯಗಳೆಲ್ಲ ಮುಗಿದ ಮೇಲೆ ನಾನು ಕೊಡುವ ಒಂದು ಪ್ರಶ್ನೆ ಆಲ್ಕೀನ್‌ಗೆ ಬ್ರೋಮಿನ್ ನೀರನ್ನು ಹಾಕುವ ಪರಿಚಿತ ಪರೀಕ್ಷೆಯ ಬಗ್ಗೆ. ಕಂದು-ಕಿತ್ತಳೆ ಬಣ್ಣ ಮಾಯವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಉತ್ಪನ್ನ ಡೈಬ್ರೋಮೈಡ್ ಎಂದೂ ಬರೆಯುತ್ತಾರೆ. ಮೊದಲ ಹಂತದಲ್ಲಿ ಉಂಟಾಗುವ ಬ್ರೋಮೋನಿಯಂ ಅಯಾನನ್ನು (ಬ್ರೋಮಿನ್ ಎರಡೂ ಕಾರ್ಬನ್‌ಗಳಿಗೆ ಸೇತುವೆಯಂತೆ ಅಂಟಿಕೊಂಡ, ಧನಾವೇಶದ ಅಯಾನು) ಬರೆದು, ಅದರ ಸುತ್ತ ಎಲೆಕ್ಟ್ರಾನ್ ಜೋಡಿ ಹಿಡಿದು ನಿಂತಿರುವವರು ಯಾರು ಎಂದು ಹುಡುಕಲು ಹೇಳುತ್ತೇನೆ. ಬ್ರೋಮೈಡ್ ಅಯಾನುಗಳು ಕೆಲವೇ, ನೀರಿನ ಅಣುಗಳು ಅಸಂಖ್ಯ. ಆಗ ಯಾರಾದರೊಬ್ಬರು ಆಕ್ಸಿಜನ್‌ನ ಒಂಟಿ ಜೋಡಿಯಿಂದ ಬಾಣ ಎಳೆದು, ಒಂದು ಕಾರ್ಬನ್ ಮೇಲೆ ಬ್ರೋಮಿನ್, ಪಕ್ಕದ್ದರ ಮೇಲೆ ಹೈಡ್ರಾಕ್ಸಿಲ್ ಗುಂಪು ಇರುವ ಅಣುವನ್ನು ಬರೆದು, ಇದು ಪುಸ್ತಕದಲ್ಲಿ ಇಲ್ಲವಲ್ಲ ಎಂದು ಅನುಮಾನದಿಂದ ಕೇಳುತ್ತಾರೆ. ನೀರು ಹೇರಳವಾಗಿರುವಾಗ ಮುಖ್ಯವಾಗಿ ದೊರೆಯುವ ಉತ್ಪನ್ನ ಅದೇ.