ಬಿಳಿ ಬಣ್ಣ ಮುಟ್ಟದ ಹಿಮ

ಫೆಬ್ರವರಿ 15ರ ಮಧ್ಯಾಹ್ನ ಮೂರೂವರೆಗೆ ತಮ್ಮನಿಂದ ಒಂದು ಫೋಟೋ ಬಂತು. ಜಪಾನಿನಲ್ಲಿ ಆಗ ರಾತ್ರಿ ಏಳು. ಅಕಿತಾ ಪ್ರಾಂತ್ಯದ ಯೊಕೊತೆ ಊರಿನಲ್ಲಿ ಕಮಾಕುರಾ ಹಬ್ಬ. ಆಳೆತ್ತರ ಮೀರಿದ ಹಿಮದ ಗುಡಿಸಲು; ಒಳಗೆ ಕೆಂಡದ ಪಾತ್ರೆಯ ಸುತ್ತ ತಮ್ಮ, ಅವನ ಹೆಂಡತಿ, ಐದು ವರ್ಷದ ಮಗಳು.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಶಿರಸಿಯಿಂದ ಬಂದಿದ್ದ ಅಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಗಾಬರಿಯಾದಳು. "ಮಗುವನ್ನು ಹಿಮದೊಳಗೆ ಕೂರಿಸಿದ್ದಾನಲ್ಲ, ಇವನಿಗೆ ಬುದ್ಧಿ ಇದೆಯೇ?"

ಹಿಮದ ದಪ್ಪ ಗೋಡೆ ಗಾಳಿಯನ್ನು ತಡೆಯುತ್ತದೆ, ಒಳಗಿನ ಬಿಸಿಯನ್ನು ಹೊರಬಿಡುವುದಿಲ್ಲ ಎಂದೆ. ಹಿಂಬದಿಯ ಗೋಡೆಯಲ್ಲಿ ನೀರಿನ ದೇವರ ಗೂಡಿರುತ್ತದೆ, ಮಕ್ಕಳೇ ದಾರಿಹೋಕರನ್ನು ಒಳಗೆ ಕರೆದು ಅಕ್ಕಿಯ ಸಿಹಿ ಪಾನೀಯ ಅಮಜಾಕೆಯನ್ನೂ ಕೆಂಡದಲ್ಲಿ ಸುಟ್ಟ, ಮೋಚಿ ಎಂಬ ಅಂಟಕ್ಕಿಯ ತಿನಿಸನ್ನೂ ಕೊಡುತ್ತಾರೆ ಎಂದೂ ಹೇಳಿದೆ. ಅಮ್ಮನ ಮುಖ ಸಡಿಲಾಯಿತು. "ನೀರಿನ ದೇವರೇ? ಹಾಗಾದರೆ ನಮ್ಮ ನೀರು ತುಂಬುವ ಹಬ್ಬದ ಹಾಗೆಯೇ ಆಯಿತು." ದೀಪಾವಳಿಯ ಮುನ್ನಾದಿನ ಹಂಡೆಯನ್ನು ತಿಕ್ಕಿ, ಬಳ್ಳಿ ಸುತ್ತಿ, ನೀರು ತುಂಬಿ ಪೂಜಿಸುತ್ತಿದ್ದೆವು. ಬೆಳಗಿನ ಜಾವ ಬಚ್ಚಲ ಒಲೆಯ ಮುಂದೆ ನಾವು ಮಕ್ಕಳು ಚಳಿ ಕಾಯಿಸುತ್ತ ಸಾಲಾಗಿ ಕೂರುತ್ತಿದ್ದೆವು.

ಅಮ್ಮ ಊರಿಗೆ ಒಯ್ಯಲೆಂದು ಆ ಫೋಟೋವನ್ನು ಜಲವರ್ಣದಲ್ಲಿ ಬರೆಯಲು ಕುಳಿತೆ. ನಾನು ಹಿಮ ಕಂಡವಳಲ್ಲ. ಮೊದಲ ಹಾಳೆಗೆಲ್ಲ ನೀಲಿ ಬಳಿದು, ಮೇಲೆ ಬಿಳಿ ಪೋಸ್ಟರ್ ಬಣ್ಣ ಹಚ್ಚಿದೆ. ಗುಡಿಸಲು ಸುಣ್ಣ ಬಳಿದ ಗೋಡೆಯಂತಾಯಿತು. ಜಲವರ್ಣದಲ್ಲಿ ಹಾಳೆಯೇ ಬಿಳುಪು. ಒಮ್ಮೆ ಮುಚ್ಚಿದರೆ ಆ ಹೊಳಪು ಮರಳುವುದಿಲ್ಲ. ಎಷ್ಟೋ ಸಲ ಕೇಳಿದ್ದ ಈ ಮಾತು ಅವತ್ತು ಕೈಗೆ ತಿಳಿಯಿತು.

ಎರಡನೆಯ ಹಾಳೆಯಲ್ಲಿ ಹಿಮವನ್ನು ಮುಟ್ಟಲೇ ಇಲ್ಲ. ಅದರ ನೆರಳನ್ನಷ್ಟೇ ಬರೆದೆ, ಕೋಬಾಲ್ಟ್ ನೀಲಿಗೆ ಚೂರು ಬರ್ಂಟ್ ಸಿಯೆನಾ ಎಂಬ ಕೆಂಗಂದು ಬೆರೆಸಿ. ಆಕಾಶದ ಬಣ್ಣ ಬೇಗ ಒಣಗದಿರಲೆಂದು ಫ್ಯಾನು ನಿಲ್ಲಿಸಿ, ಹಸಿಯ ಮೇಲೆ ಉಪ್ಪು ಉದುರಿಸಿದೆ. ಉಪ್ಪು ತನ್ನ ಸುತ್ತಲಿನ ಬಣ್ಣ ಹೀರಿದಲ್ಲೆಲ್ಲ ಹಿಮದ ಹೂವು ಅರಳಿತು. ಅಮ್ಮ ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲೇ ಕುಳಿತಿದ್ದಳು.

ಕೆಂಡದ ಬೆಳಕಿಗೆ ನಿಂಬೆ ಹಳದಿ ಹಚ್ಚಿದಾಗ ಅವಳು ತಡೆದಳು. "ಅದು ಬಲ್ಬಿನ ಬೆಳಕು ತಂಗಿ. ಬಚ್ಚಲ ಒಲೆಯ ಮುಂದೆ ನೀನು ಕುಳಿತರೆ ಒಂದು ಗಲ್ಲ ದಾಸವಾಳದ ಹಾಗೆ ಕೆಂಪಾಗುತ್ತಿತ್ತು, ಇನ್ನೊಂದು ಗಲ್ಲ ಕತ್ತಲಲ್ಲಿರುತ್ತಿತ್ತು."

ಫೋಟೋದಲ್ಲಿ ಹಾಗೆ ಇರಲಿಲ್ಲ. ಅಲ್ಲಿ ಮೂರು ಮುಖಗಳೂ ಒಂದೇ ಸಮ ಬೆಳಗಿದ್ದವು. ನಾನು ಅಮ್ಮನ ಮಾತನ್ನೇ ನಂಬಿದೆ. ಮಗುವಿನ ಒಂದು ಗಲ್ಲಕ್ಕೆ ಕೆಂಪು ಸೋಕಿಸಿ, ಇನ್ನೊಂದನ್ನು ನೆರಳಿಗೆ ಬಿಟ್ಟೆ. ಗುಡಿಸಲಿಗೆ ಬೆಂಕಿ ಬಂತು.

ಬಾಗಿಲ ಬಳಿ ಅಂಗೈಯಗಲದ ಜಾಗ ಖಾಲಿ ಉಳಿದಿತ್ತು. ಅಲ್ಲಿಗೂ ಏನಾದರೂ ಬರೆಯೋಣವೆಂದು ಕುಂಚ ಅದ್ದಿದೆ. ಅಮ್ಮ ಅದನ್ನು ನನ್ನ ಕೈಯಿಂದ ತೆಗೆದು ನೀರಿನ ಲೋಟಕ್ಕೆ ಹಾಕಿದಳು.

"ಸಾಕು, ಮಗು ಬೆಚ್ಚಗಾಯಿತು. ಇನ್ನು ಆ ಫ್ಯಾನು ಹಾಕು."