ದೆವ್ವಕ್ಕೆ ಮೇಕಪ್ ಮಾಡೋನು ಮೊದಲು ನೋಡ್ಬೇಕಾಗಿರೋದು ಹೆದರೋನ ಮುಖ

ಶಿವಮೊಗ್ಗ, ತೀರ್ಥಹಳ್ಳಿ ಕಡೆ ಹಾರರ್ ಕಾಮಿಡಿ ತೆಗೀತೀವಿ ಅಂತ ಬರೋ ಹುಡುಗ್ರು ಫೋನ್ ಮಾಡಿದ ತಕ್ಷಣ ಕೇಳೋದು "ಅಣ್ಣಾ, ರಕ್ತ ಲೀಟರಿಗೆ ಎಷ್ಟು ಬೀಳತ್ತೆ?" ಅಂತ. ನಾನು ವಾಪಸ್ ಕೇಳೋದು, ಆ ಸೀನಲ್ಲಿ ಹೆದರೋರು ಯಾರು, ಆ ಪಾರ್ಟ್ ಯಾರು ಮಾಡ್ತಿದಾರೆ ಅಂತ. ಮೇಕಪ್ಪಿನೋನಿಗೆ ಇದೆಲ್ಲ ಯಾಕೆ ಅಂತ ಅವ್ರಿಗೆ ಅನ್ಸತ್ತೆ, ಕೆಲವ್ರು ಬಾಯಿಬಿಟ್ಟು ಹೇಳ್ತಾರೆ ಕೂಡ. ಆದ್ರೆ ಈ ಕೆಲಸದಲ್ಲಿ ನಾನು ಕಲ್ತಿದ್ದು ಏನಾದ್ರೂ ಇದ್ರೆ ಈ ಪ್ರಶ್ನೇಲೇ ಇದೆ, ಅದಕ್ಕೆ ಒಂದ್ಸಲ ಬಿಡಿಸಿ ಬರೆದುಬಿಡಣ ಅಂತ.

ನಾನು ಶುರು ಮಾಡಿದ್ದು ನಾಟಕ, ಸ್ಕೂಲ್ ಡೇ, ಗಣಪತಿ ಹಬ್ಬದ ಪ್ರೋಗ್ರಾಂಗಳಿಗೆ ಬಣ್ಣ ಹಚ್ಚೋದ್ರಿಂದ. ಈಗ ಹೆಚ್ಚಿನ ಕೆಲಸ ಸಣ್ಣ ಬಜೆಟ್ ಸಿನಿಮಾ, ಶಾರ್ಟ್ ಫಿಲಂಗಳದ್ದು, ಗಾಯ, ರಕ್ತ, ಸುಟ್ಟ ಚರ್ಮ, ದೆವ್ವದ ಮುಖ. ಈ ಸಿನಿಮಾದೋರು ಮಲೆನಾಡಿಗೇ ಯಾಕೆ ಬರ್ತಾರೆ ಅಂದ್ರೆ ಇಲ್ಲಿ ಸೆಟ್ ಹಾಕೋದೇ ಬೇಡ, ಹಳೇ ತೊಟ್ಟಿಮನೆ ಇದೆ, ಮಂಜಿದೆ, ಸಂಜೆ ಆಗ್ತಿದ್ದಂಗೆ ಜೀರುಂಡೆ ಶುರು ಮಾಡ್ತವೆ, ಅಟ್ಟ ಹತ್ತಿ ಲೈಟ್ ಇಟ್ರೆ ಅರ್ಧ ಸಿನಿಮಾ ಮುಗೀತು. ಆದ್ರೆ ಬಂದ್ಮೇಲೆ ಗೊತ್ತಾಗತ್ತೆ ಇಲ್ಲಿಯ ಹವಾ ಏನು ಅಂತ. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳತ್ತೆ, ಆ ಥಂಡಿಗೆ ಲೇಟೆಕ್ಸ್ (ಚರ್ಮದ ಥರ ಮುಖಕ್ಕೆ ಹಚ್ಚೋ ದ್ರವ ರಬ್ಬರ್) ಒಣಗಲ್ಲ, ಅಂಟಿಸೋ ಸ್ಪಿರಿಟ್ ಗಮ್ ಹಿಡ್ಕೊಳಲ್ಲ, ಹೇರ್ ಡ್ರೈಯರ್ ಹಾಕಣ ಅಂದ್ರೆ ಕರೆಂಟ್ ಇರಲ್ಲ.

ರಕ್ತದ ವಿಷಯ ಹೇಳ್ಬಿಡ್ತೀನಿ, ಎಲ್ರೂ ಕೇಳೋದು ಅದನ್ನೇ. ಹೊರದೇಶದಲ್ಲಿ ಕಾರ್ನ್ ಸಿರಪ್ಪಿಗೆ ಫುಡ್ ಕಲರ್ ಹಾಕಿ ಮಾಡ್ತಾರೆ. ನಾನು ಜೋನಿ ಬೆಲ್ಲದಲ್ಲಿ, ಅಂದ್ರೆ ನೀರಾಗಿರೋ ಬೆಲ್ಲದಲ್ಲಿ ಮಾಡ್ತೀನಿ, ಸೋಸಿ, ಸ್ವಲ್ಪ ನೀರು ಹಾಕಿ ಕಾಯಿಸಿ, ಕೆಂಪು ಫುಡ್ ಕಲರ್, ಸ್ವಲ್ಪ ಕಾಫಿ ಡಿಕಾಕ್ಷನ್, ನೀಲಿ ಒಂದೇ ಒಂದು ಹನಿ. ಬಟ್ಟೆ ಮೇಲೆ ಬೀಳೋ ರಕ್ತಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಸೇರಿಸಿದ್ರೆ ಕಲೆ ಹೋಗತ್ತೆ, ಆದ್ರೆ ಅದನ್ನ ಬಾಯಿಗೆ ಬಿಡೋ ಹಂಗಿಲ್ಲ, ಬಾಯಿ ರಕ್ತ ಬೇರೇನೇ ಮಾಡ್ಬೇಕು. ಇನ್ನೊಂದು, ರಾತ್ರಿ ಸೀನಿಗೆ ನೀಲಿ ಲೈಟ್ ಹಾಕಿದ್ರೆ ಕೆಂಪು ಪೂರ್ತಿ ಕಪ್ಪಾಗಿ ಕಾಣತ್ತೆ, ಅದಕ್ಕೆ ಕ್ಯಾಮೆರಾದೋರ ಹತ್ರ ಲೈಟ್ ಕೇಳ್ಕೊಂಡೇ ಬಣ್ಣ ಕಲಸ್ಬೇಕು. ಬೆಲ್ಲದ ವಾಸನೆಗೆ ಅರ್ಧ ಗಂಟೇಲಿ ಕಟ್ಟಿರುವೆ ಬರ್ತವೆ, ಮೈ ತುಂಬ ರಕ್ತ ಹಚ್ಕೊಂಡು ನೆಲದ ಮೇಲೆ ಮಲಗೋ ಆರ್ಟಿಸ್ಟ್ ಕೆಳಗೆ ಶೀಟ್ ಹಾಸಿ ಸುತ್ತ ಅರಿಶಿನ ಪುಡಿ ಹಾಕ್ದೆ ನಾನು ಮಲಗಿಸಲ್ಲ.

ಈ ಥರ ಸಿನಿಮಾ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನ ಮುಚ್ಚಿಡಲ್ಲ. ಅಮೆರಿಕದ ಡೈರೆಕ್ಟರ್ ಸ್ಯಾಮ್ ರೈಮಿ ಮತ್ತವನ ಗೆಳೆಯರು ಟೆನ್ನೆಸ್ಸೀ ಕಾಡಲ್ಲಿ ಒಂದು ಪಾಳು ಮನೇಲಿ ಕೂತು ತೆಗೆದ ಈವಿಲ್ ಡೆಡ್ 1981ರಲ್ಲಿ ಬಂತು, 4 ಲಕ್ಷ ಡಾಲರ್ ಒಳಗೆ ಆಗಿದ್ದು. ಟ್ರಾಲಿಗೆ ದುಡ್ಡಿರ್ಲಿಲ್ಲ, ಒಂದು ಹಲಗೆಗೆ ಕ್ಯಾಮೆರಾ ಕಟ್ಟಿ ಎರಡು ಕಡೆ ಇಬ್ರು ಹಿಡ್ಕೊಂಡು ಓಡಿದ್ರು, ಕಾಣದೇ ಇರೋ ದೆವ್ವ ಕಾಡೊಳಗಿಂದ ನುಗ್ಗಿ ಬರೋ ಶಾಟ್ ಅದೇ. ಇಲ್ಲಿ ಹುಡುಗ್ರು ಅದನ್ನೇ ಅಡಿಕೆ ದಬ್ಬೇಲಿ (ಅಡಿಕೆ ಮರ ಸೀಳಿದ ಪಟ್ಟಿ) ಮಾಡಿದ್ದು ನಾನೇ ನೋಡಿದೀನಿ, ದಬ್ಬೆ ಸ್ವಲ್ಪ ಬಳುಕತ್ತಲ್ಲ, ಆ ಬಳುಕಿಗೇ ಶಾಟಿಗೆ ಒಂಥರ ಉಸಿರಾಡೋ ಗುಣ ಬಂತು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ತನ್ನ ಮೊದಲ ಸಿನಿಮಾದ ಮುಖವಾಡಗಳನ್ನ ಅಮ್ಮನ ಅಡುಗೆಮನೆ ಓವನ್ನಲ್ಲಿ ಬೇಯಿಸ್ತಿದ್ದ, ವಾರ ಪೂರ್ತಿ ಕೆಲಸಕ್ಕೆ ಹೋಗಿ ವೀಕೆಂಡಲ್ಲಿ ಶೂಟ್, ನಾಲ್ಕು ವರ್ಷದಷ್ಟು ಎಳೀತು. ಬ್ಯಾಡ್ ಟೇಸ್ಟ್ ಅಂತ 1987ರದ್ದು. ಮುಂದೆ ಲಾರ್ಡ್ ಆಫ್ ದಿ ರಿಂಗ್ಸ್ ಮಾಡಿದ್ದು ಇದೇ ಮನುಷ್ಯ. ಅಂಥವರ ಕೈಕೆಲಸ ಸ್ಕ್ರೀನ್ ಮೇಲೆ ಕಾಣತ್ತೆ, ಅಂಟು ಬಿಟ್ಟಿದ್ದು ಕಾಣತ್ತೆ, ದಾರ ಕಾಣತ್ತೆ, ಆದ್ರೂ ನೋಡೋನಿಗೆ ಯಾರೋ ರಾತ್ರಿ ನಿದ್ದೆಗೆಟ್ಟು ಇದನ್ನ ಮಾಡಿದಾರೆ ಅನ್ನೋದು ಮುಟ್ಟತ್ತೆ, ಕಂಪ್ಯೂಟರಲ್ಲಿ ಮಾಡಿದ ದೆವ್ವಕ್ಕೆ ಆ ಸಲಿಗೆ ಸಿಗಲ್ಲ.

ನಮ್ಮ ಕಡೆಯೋರಿಗೆ ಇದೇನು ಹೊಸದಲ್ಲ. ಯಕ್ಷಗಾನದ ಹರಕೆ ಆಟದಲ್ಲಿ ದೇವಿ ಮಹಾತ್ಮೆ ನೋಡಿ ಬೆಳೆದೋರಿಗೆ ಗೊತ್ತು, ಮಹಿಷಾಸುರ ಚೌಕಿಯಿಂದ (ಬಣ್ಣ ಹಚ್ಚೋ ಜಾಗ) ನೇರ ರಂಗಸ್ಥಳಕ್ಕೆ ಬರಲ್ಲ, ಜನ ಕೂತಿರೋದರ ಹಿಂದಿಂದ, ದೊಂದಿ ಬೆಳಕಲ್ಲಿ, ಕೊಂಬು ಕಟ್ಕೊಂಡು ಆರ್ಭಟ ಮಾಡ್ತಾ ಗದ್ದೆ ದಾಟಿ ಬರ್ತಾನೆ. ಮುಖಕ್ಕಿರೋದು ಬಣ್ಣ ಅಂತ ಗೊತ್ತು, ವೇಷ ಯಾರದ್ದು ಅಂತಾನೂ ಗೊತ್ತು, ಸಂಜೆ ಅದೇ ಮನುಷ್ಯನಿಗೆ ಕವಳ (ಎಲೆ ಅಡಿಕೆ) ಕೊಟ್ಟಿರ್ತೀವಿ. ಆದ್ರೂ ಮಕ್ಕಳು ಚೀರ್ಕೊಂಡು ಅಜ್ಜಿ ಸೆರಗೊಳಗೆ ಹೋಗ್ತಾವೆ, ದೊಡ್ಡೋರು ನಗ್ತಾ ನಗ್ತಾನೇ ಚೂರು ಹಿಂದೆ ಸರೀತಾರೆ. ನಗುವೂ ಹೆದರಿಕೆಯೂ ಒಟ್ಟಿಗೇ ಬರೋ ಆ ಕ್ಷಣ ಇದೆಯಲ್ಲ, ಹಾರರ್ ಕಾಮಿಡಿ ಬದುಕೋದೇ ಅದರಲ್ಲಿ. ಅತಿ ಆಯ್ತು ಅಂತ ಯಾರೂ ಅನ್ನಲ್ಲ, ಯಾಕಂದ್ರೆ ವೇಷಧಾರಿ ಒಂದು ಚೂರೂ ಸಡಿಲ ಬಿಡಲ್ಲ.

ಈಗ ನಾನು ಹೇಳಬೇಕಂತಿದ್ದ ಶಾಟಿಗೆ ಬರ್ತೀನಿ. ತೀರ್ಥಹಳ್ಳಿ ಹತ್ರ ಒಂದು ತೊಟ್ಟಿಮನೇಲಿ ರಾತ್ರಿ ಶೂಟಿಂಗ್, ಅಡಿಕೆ ಕೊನೆ ತೆಗೆಯೋನು ಕುಡಿದು ಬಂದು ಅಂಗಳದಲ್ಲಿ ದೆವ್ವನ ನೋಡೋ ಸೀನು. ದೆವ್ವದ ಮುಖ ನಾನೇ ಮಾಡಿದ್ದು, ಟಿಶ್ಯೂ ಮತ್ತೆ ಲೇಟೆಕ್ಸ್ ಪದರ ಪದರ ಕೂರಿಸಿ. ಮಳೆ ಥಂಡಿಗೆ ದವಡೆ ಹತ್ರ ಅಂಚು ಎದ್ದುಬಿಡ್ತು, ಒಂದು ಬೆರಳು ಹೋಗೋಷ್ಟು ಗ್ಯಾಪು, ಒತ್ತಿ ಅಂಟಿಸಿದ್ರೂ ನಿಲ್ತಿಲ್ಲ, ಟೈಮ್ ಬೇರೆ ಇಲ್ಲ, ಮನೆಯೋರು ಹನ್ನೆರಡಕ್ಕೆ ಮುಗಿಸಿ ಅಂದಿದ್ರು. ಎದುರಿಗೆ ಪಾರ್ಟ್ ಮಾಡ್ತಿದ್ದೋರು ಊರಿನ ನಾಟಕದಲ್ಲಿ ವರ್ಷಗಟ್ಟಲೆ ಮಾಡಿದ ಹಿರಿಯರು. ಅವರು ದೆವ್ವನ ನೋಡಿ ಕೂಗ್ಲಿಲ್ಲ. ಮೊದಲು ಎತ್ತಿ ಕಟ್ಟಿದ್ದ ಪಂಚೆ ಇಳಿಸಿದ್ರು, ದೊಡ್ಡೋರ ಎದುರು ಇಳಿಸ್ತಾರಲ್ಲ ಹಂಗೆ. ಆಮೇಲೆ ಕೈಯಲ್ಲಿದ್ದ ಕತ್ತಿ ಬೆನ್ನ ಹಿಂದೆ ಇಟ್ಕೊಂಡ್ರು, ಮತ್ತೆ ಬಹಳ ಮೆತ್ತಗೆ "ಎಂತ ಬೇಕಿತ್ತು ಅಮ್ಮ?" ಅಂದ್ರು. ಗಲ್ಲ ಅದುರ್ತಾ ಇತ್ತು. ಮಾನಿಟರ್ ಹತ್ರ ನಿಂತಿದ್ದೋರೆಲ್ಲ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನಗ್ತಿದ್ರು, ಅದೇ ಹೊತ್ತಿಗೆ ಲೈಟ್ ಹುಡುಗ ಹಿಂದೆ ತಿರುಗಿ ಕತ್ತಲೆ ಕಡೆ ಒಂದ್ಸಲ ನೋಡ್ದ. ಆ ಗ್ಯಾಪು ಸಿನಿಮಾದಲ್ಲಿ ಹಂಗೇ ಇದೆ, ಇವತ್ತಿನವರೆಗೆ ಒಬ್ರೂ ನನಗೆ ಅದನ್ನ ತೋರ್ಸಿಲ್ಲ. ಜನ ನೋಡಿದ್ದು ಆ ಪಂಚೆ ಇಳಿಸಿದ್ದನ್ನ.

ಇದಕ್ಕೆ ತದ್ವಿರುದ್ಧ ಇನ್ನೊಂದು ಸಿನಿಮಾ. ಕ್ಯಾನ್ ಕ್ಯಾನ್ ರಕ್ತ ಮಾಡಿಸಿದ್ರು, ಗೋಡೆ ಮೇಲೆಲ್ಲ ಎರಚಿದ್ರು, ಕಿತ್ತು ಬರೋ ಕೈ, ಉರುಳೋ ತಲೆ, ಮುಖದ ಅಂಚು ಒಂದೂ ಎದ್ದಿರ್ಲಿಲ್ಲ, ಕೆಲಸ ಅಂತ ನೋಡಿದ್ರೆ ನನ್ನ ಒಳ್ಳೇ ಕೆಲಸಗಳಲ್ಲಿ ಒಂದು. ಆದ್ರೆ ಹೀರೋ ಪ್ರತಿ ಸಲ ದೆವ್ವ ಬಂದಾಗ "ನೋಡ್ರಪ್ಪ, ಬಂತು ಕಾಮಿಡಿ" ಅನ್ನೋ ಥರ ತುಟಿಯಂಚಲ್ಲಿ ನಗ್ತಾನೆ, ಅವನಿಗೇ ಹೆದರಿಕೆ ಇಲ್ಲ ಅಂದ್ಮೇಲೆ ನೋಡೋರಿಗೆ ಎಲ್ಲಿಂದ ಬರತ್ತೆ. ಥಿಯೇಟರಲ್ಲಿ ನಾನೂ ಕೂತಿದ್ದೆ. ಮೊದಲ ಕೈ ಕಿತ್ತು ಬಂದಾಗ ಶಿಳ್ಳೆ, ಎರಡನೇದಕ್ಕೆ ಸಣ್ಣ ನಗು, ಇಂಟರ್ವಲ್ ಹೊತ್ತಿಗೆ ಜನ ಮೊಬೈಲ್ ನೋಡ್ತಿದ್ರು.

ರಕ್ತ ಜಾಸ್ತಿ ಆದ್ರೆ ಕೆಡತ್ತೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ತಿಳ್ಕೋಬೇಡಿ. ಅದೇ ಪೀಟರ್ ಜಾಕ್ಸನ್ 1992ರಲ್ಲಿ ಮಾಡಿದ ಬ್ರೈನ್‌ಡೆಡ್ ಕ್ಲೈಮ್ಯಾಕ್ಸಲ್ಲಿ ಹುಲ್ಲು ಕತ್ತರಿಸೋ ಮೆಷಿನ್ ಹಿಡ್ಕೊಂಡು ಹೀರೋ ಸತ್ತೋರ ಗುಂಪೊಳಗೆ ನುಗ್ತಾನೆ, ಆ ಭಾಗಕ್ಕೇ 300 ಲೀಟರ್ ಅಂತ ಹೇಳ್ತಾರೆ. ಅದು ಯಾಕೆ ನಡೆಯತ್ತೆ ಅಂದ್ರೆ ಆ ಹುಡುಗ ಅಮ್ಮನಿಗೆ ಹೆದರೋ, ಅಕ್ಕಪಕ್ಕದೋರು ಏನಂತಾರೋ ಅಂತ ಮನೇಲಿರೋ ಹೆಣಗಳನ್ನ ನೆಲಮಾಳಿಗೇಲಿ ಬಚ್ಚಿಡೋ ಪಾಪದ ಹುಡುಗ. ಮರ್ಯಾದೆ ಹೋಗತ್ತೆ ಅನ್ನೋ ಆ ಭಯ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಒಂದೂವರೆ ಗಂಟೆ ಅದನ್ನ ಕಟ್ಟಿ ಕಟ್ಟಿ ಕೊನೇಲಿ ರಕ್ತ ಬಿಟ್ರೆ ಅದಕ್ಕೊಂದು ಲೆಕ್ಕ ಇರತ್ತೆ.

ಇನ್ನೊಂದು ತುದಿ ನೋಡಿ, ರಕ್ತವೇ ಬೇಡ. 90ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಅದೇ ಸುದ್ದಿ ಹಿಂದಿಗೆ ಹೋಗಿ 2018ರಲ್ಲಿ ಸ್ತ್ರೀ ಸಿನಿಮಾ ಆಯ್ತು. ಸುಣ್ಣದ ಕಡ್ಡಿ ಖರ್ಚು ಅಷ್ಟೆ. ದೆವ್ವಕ್ಕೇ ನಾಳೆ ಬಾ ಅಂತ ಹೇಳಿ ಕಳಿಸೋದು ತಮಾಷೆ, ಆದ್ರೆ ಬರೆದೋರು ತಮಾಷೆಗೆ ಬರೀಲಿಲ್ಲ. 2025ರ ಸು ಫ್ರಮ್ ಸೋದಲ್ಲೂ ಅಷ್ಟೇ, ಸೋಮೇಶ್ವರದ ಸುಲೋಚನ ಒಬ್ಬ ಹುಡುಗನ ಮೈಮೇಲೆ ಬಂದಿದಾಳೆ ಅಂತ ಇಡೀ ಊರು ನಂಬತ್ತೆ, ಜನ ಥಿಯೇಟರಲ್ಲಿ ಉರುಳಾಡಿ ನಕ್ಕಿದ್ದು ಆ ನಂಬಿಕೆಗೆ. ದೊಡ್ಡ ಸ್ಟಾರ್ ಇಲ್ದೆ, ಸಣ್ಣ ಬಜೆಟ್ಟಲ್ಲಿ 100 ಕೋಟಿ ದಾಟ್ತು ಅದು. ನನ್ನಂಥ ಮೇಕಪ್ಪಿನೋನಿಗೆ ಅದರಲ್ಲಿ ಹೆಚ್ಚು ಕೆಲಸವೇ ಇಲ್ಲ, ಆದ್ರೂ ಈ ಕೆಲಸಕ್ಕೆ ಬರೋ ಹುಡುಗ್ರಿಗೆ ಮೊದಲು ಅದನ್ನೇ ನೋಡ್ಕೊಂಡು ಬನ್ನಿ ಅಂತೀನಿ.

ಕಮ್ಮಿ ಬಜೆಟ್ಟಿನ ಸಿನಿಮಾ ಎಲ್ಲೆಲ್ಲಿ ನಿಂತುಬಿಡತ್ತೆ ಅನ್ನೋದೂ ಹೇಳ್ಬೇಕು. ಒಂದು, ಹಾರರ್ ಒಂದು ಕಡೆ ಕಾಮಿಡಿ ಒಂದು ಕಡೆ ಇಟ್ರೆ. 1984ರ ಹಿಂದಿ ಸಿನಿಮಾ ಪುರಾನಾ ಮಂದಿರ್‌ನಲ್ಲಿ ರಾಮ್ಸೆ ಸಹೋದರರು ದೆವ್ವದ ಕಥೆ ಪಕ್ಕ ಕಾಮಿಡಿ ನಟ ಜಗದೀಪ್ ಅವರ ಶೋಲೆ ಅಣಕದ ಟ್ರ್ಯಾಕ್ ಬೇರೇನೇ ಇಟ್ಟಿದ್ರು. ಆ ಕಾಲಕ್ಕೆ ಓಡ್ತು, ಸಿನಿಮಾ ಹಿಟ್ಟೇ ಆಯ್ತು, ಆದ್ರೆ ಇವತ್ತು ಕೂತು ನೋಡಿದ್ರೆ ಪ್ರತಿ ಸಲ ಕಾಮಿಡಿ ಬಂದಾಗ ಕಟ್ಟಿದ ಭಯ ಪೂರ್ತಿ ಇಳಿದು ಹೋಗತ್ತೆ, ಮತ್ತೆ ಮೊದಲಿಂದ ಕಟ್ಬೇಕು. ಇನ್ನೊಂದು ಸೌಂಡು. ಮುಖದ ಕೆಲಸ ಮಾಡೋ ನಾನೇ ಹೇಳ್ತಿದೀನಿ, ನನಗೆ ಕೊಡೋದರಲ್ಲಿ ಸ್ವಲ್ಪ ಕಮ್ಮಿ ಮಾಡಿ ಸೌಂಡಿಗೆ ಹಾಕಿ. ರಬ್ಬರ್ ಮುಖನ ಜನ ಕ್ಷಮಿಸ್ತಾರೆ, ಡೈಲಾಗ್ ಕೇಳದೇ ಇರೋದನ್ನ ಕ್ಷಮಿಸಲ್ಲ. ಮತ್ತೆ ರಕ್ತ ವಿಪರೀತ ಆಗಿ ಎ ಸರ್ಟಿಫಿಕೇಟ್ (ದೊಡ್ಡೋರಿಗೆ ಮಾತ್ರ) ಬಂದ್ರೆ ಫ್ಯಾಮಿಲಿ ಬರಲ್ಲ, ಟಿವಿಗೆ ಮಾರೋಕೆ ಮತ್ತೆ ಕತ್ತರಿಸಿ ಸರ್ಟಿಫಿಕೇಟ್ ತರ್ಬೇಕು, ಸಣ್ಣ ಪ್ರೊಡ್ಯೂಸರಿಗೆ ಅದು ತಡ್ಕೊಳೋ ಏಟಲ್ಲ.

ದುಡ್ಡಿಲ್ಲ ಅನ್ನೋದನ್ನ ನೆಪ ಮಾಡ್ಕೊಳೋರು ಬೇರೆ ಇದಾರೆ. "ಇದು ಬೇಕಂತಲೇ ಕೆಟ್ಟದಾಗಿ ಮಾಡಿದ್ದು ಅಣ್ಣಾ, ಸ್ಟೈಲು" ಅಂತಾರೆ. ಜಪಾನಿನ ಒನ್ ಕಟ್ ಆಫ್ ದಿ ಡೆಡ್ ಅಂತ 2017ರ ಸಿನಿಮಾ, ಖರ್ಚು ಸುಮಾರು 30 ಲಕ್ಷ ಯೆನ್, ಶುರುವಿನ 37 ನಿಮಿಷ ಒಂದೇ ಟೇಕು, ನೋಡ್ತಾ ಎಂತ ಕೆಟ್ಟ ಸಿನಿಮಾ ಮಾರಾಯ ಅನ್ಸತ್ತೆ, ಆಮೇಲೆ ಕ್ಯಾಮೆರಾ ಹಿಂದೆ ಏನೇನು ನಡೀತಿತ್ತು ಅಂತ ತೋರಿಸ್ತಾರೆ. ಪ್ರತಿಯೊಂದು ತಪ್ಪಿನ ಹಿಂದೆ ಯಾರೋ ಒಬ್ರು ಶಾಟ್ ಉಳಿಸಕ್ಕೆ ಜೀವ ಬಿಟ್ಕೊಂಡು ಒದ್ದಾಡಿದಾರೆ. ಅದನ್ನ ನೋಡಿ ನಾನು ಅತ್ತಿದೀನಿ, ಸೆಟ್ಟಲ್ಲಿ ಕೆಲಸ ಮಾಡಿದ ಯಾರಿಗಾದ್ರೂ ಅಳು ಬರತ್ತೆ. ಬೇಕಂತ ಕೆಟ್ಟದು ಮಾಡೋದಕ್ಕೂ ಎಷ್ಟು ಲೆಕ್ಕಾಚಾರ ಬೇಕು ಅಂತ ಅಲ್ಲಿ ಕಾಣತ್ತೆ.

ನಾನು ಒಪ್ಪದೇ ಇರೋ ಕೆಲಸಗಳು ಕೆಲವಿವೆ. ದಪ್ಪ ಇದಾಳೆ, ಕಪ್ಪಗಿದಾಳೆ ಅನ್ನೋದನ್ನೇ ದೆವ್ವ ಮಾಡಿ ನಗಿಸೋದು, ಮಂಗಳಮುಖಿಯರ ವೇಷ ಹಾಕಿಸಿ ಅದೇ ಭಯ ಅದೇ ಜೋಕು ಅನ್ನೋದು, ಅದಕ್ಕೆ ಬೇರೆಯೋರ್ನ ನೋಡ್ಕೊಳಿ ಅಂತೀನಿ. ಚೌಡಿ ಬನದಲ್ಲಿ ಶೂಟಿಂಗ್ ಇಟ್ಕೊಂಡು ಕಲ್ಲಿಗೆ ರಕ್ತ ಎರಚ್ಬೇಕು ಅಂದ್ರು ಒಂದ್ಸಲ. ಊರೋರು ನಡ್ಕೊಳೋ ಜಾಗ, ವರ್ಷಕ್ಕೊಂದ್ಸಲ ಹಣ್ಣುಕಾಯಿ ಮಾಡ್ಸೋ ಕಲ್ಲು ಅದು, ಆಗಲ್ಲ ಅಂದೆ. ಥರ್ಮಾಕೋಲ್ ಕಲ್ಲು ಮಾಡಿ, ಪಾಚಿ ಬಣ್ಣ ಹೊಡೆದು, ಬನದಿಂದ ದೂರ ಒಂದು ಹಾಡ್ಯದ (ಕಾಡಿನ) ಅಂಚಲ್ಲಿ ಇಟ್ಟು ತೆಗೆದ್ವಿ, ಸ್ಕ್ರೀನಲ್ಲಿ ವ್ಯತ್ಯಾಸ ಗೊತ್ತಾಗಲ್ಲ.

ಮತ್ತೆ ಆರ್ಟಿಸ್ಟ್ ಮೈ. ಈವಿಲ್ ಡೆಡ್ಡಲ್ಲಿ ಹಾಕಿದ್ದ ಬಿಳಿ ಲೆನ್ಸು ಎಷ್ಟು ದಪ್ಪ ಇತ್ತಂದ್ರೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕಣ್ಣಲ್ಲಿ ಇಡೋ ಹಂಗಿರ್ಲಿಲ್ಲ. ಈಗ ಆನ್‌ಲೈನಲ್ಲಿ ಅಗ್ಗದ ಲೆನ್ಸ್ ತರಿಸಿ ಹುಡುಗೀರಿಗೆ ಇಡೀ ರಾತ್ರಿ ಹಾಕಿಸ್ತಾರೆ, ನನ್ನ ಸೆಟ್ಟಲ್ಲಿ ಅದು ನಡೆಯಲ್ಲ, ಕಣ್ಣಿನ ಡಾಕ್ಟರ್ ಹತ್ರ ಅಳತೆ ತಗೊಂಡೇ ಬರ್ಬೇಕು. ಲೇಟೆಕ್ಸ್ ಕೆಲವ್ರಿಗೆ ಅಲರ್ಜಿ, ಹಿಂದಿನ ದಿನವೇ ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ನೋಡ್ಬೇಕು. ಇದಕ್ಕೆಲ್ಲ ಒಂದು ದಿನ ಮುಂಚೆ ಬರ್ತೀನಿ ಅಂದ್ರೆ ಆ ದಿನದ ಬಾಟಾ (ದಿನಭತ್ಯೆ) ಕೊಡಲ್ಲ ಅನ್ನೋರಿಗೆ ನಾನು ಬರಲ್ಲ ಅಂತಲೇ ಹೇಳ್ತೀನಿ.

ಈಗ ಮಳೆ ಬಿಟ್ಮೇಲೆ ಶೂಟಿಂಗ್ ಇಟ್ಕೊಂಡಿರೋರು ಇಬ್ರು ಮೂರು ಜನ ಕೇಳ್ತಿದಾರೆ, ಅವ್ರಿಗೆ ಇಲ್ಲೇ ಹೇಳ್ಬಿಡ್ತೀನಿ. ರೇಟ್ ಕೇಳೋಕೆ ಮುಂಚೆ ಸೀನ್ ಪೇಪರ್ ಕಳ್ಸಿ, ಹೆದರೋ ಪಾರ್ಟ್ ಮಾಡೋರ ಜೊತೆ ಅರ್ಧ ಗಂಟೆ ಮಾತಾಡಿಸಿ. ಅವರು ಹೆದರೋದು ಹೆಂಗೆ ಅಂತ ನೋಡಿದ್ಮೇಲೆ ದೆವ್ವಕ್ಕೆ ಎಷ್ಟು ಮುಖ ಬೇಕು ಅಂತ ಹೇಳ್ತೀನಿ, ಬಹಳ ಸಲ ನೀವು ಅಂದ್ಕೊಂಡಿದ್ದಕ್ಕಿಂತ ಕಮ್ಮಿ ಸಾಕಾಗತ್ತೆ, ಉಳಿದ ದುಡ್ಡಲ್ಲಿ ಒಳ್ಳೇ ಮೈಕ್ ಬಾಡಿಗೆಗೆ ತನ್ನಿ. ರಕ್ತ ಬೇಕಾದೋರು ಬಾಯಿ ಸೀನ್ ಎಷ್ಟು, ಬಟ್ಟೆ ಸೀನ್ ಎಷ್ಟು ಅಂತ ಬೇರೆ ಬೇರೆ ಬರೆದು ಕಳ್ಸಿ, ಜೋನಿ ಬೆಲ್ಲ ಮೊದಲೇ ಹೇಳಿ ತರಿಸಿಡ್ಬೇಕು.