ಜಂಪ್‌ನಿಂದ ಕತ್ತು ಹಿಸುಕುವ ತನಕ: ಮೊಳೆ-ದಾರದ ಹಲಗೆ, ಮುಂದಿನ ಕಂತು

ಕೊನೆಗೂ ‘ಸ್ಪ್ರಿಂಗ್’ ದಾರಿಗೆ ಬಂತು. ಈ ಒಂದು ಪದ ನನ್ನ ತಲೆ ತಿಂದಷ್ಟು ಇಡೀ ಹಲಗೆ ತಿಂದಿಲ್ಲ.

ಹೊಸಬರಿಗೆ ಚುಟುಕಾಗಿ: ಜಿಗಿಯೋದು, ನೆಗೆಯೋದು, ಪುಟಿಯೋದಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯಾಪದಗಳಿಗೆಲ್ಲ ಪ್ಲೈವುಡ್ ಮೇಲೆ ಒಂದೊಂದು ಮೊಳೆ. ಅರ್ಥ ಹೊಂದುವ ಪದಗಳ ನಡುವೆ ದಾರ. ಯಾವುದಕ್ಕೆ ಯಾವುದು ಹೊಂದುತ್ತೆ ಅನ್ನೋದನ್ನು ವರ್ಡ್‌ನೆಟ್‌ನಿಂದ (ಒಂದೇ ಅರ್ಥದ ಇಂಗ್ಲಿಷ್ ಪದಗಳನ್ನು ಗುಂಪು ಕಟ್ಟಿಟ್ಟಿರುವ ಕಂಪ್ಯೂಟರ್ ಪದಕೋಶ) ತಗೊಂಡಿದ್ದೇನೆ. ಹಲಗೆ ಉಜ್ಜಿದ್ದು, ಕಪ್ಪು ಬಳಿದದ್ದು, ಕಾಗದ ಅಂಟಿಸಿ ಗುರುತು ಹಾಕಿದ್ದು ಎಲ್ಲ ನೀವೂ ಮಾಡಿರೋದೇ. ಬಿಡಿ.

ತಕರಾರು ಶುರುವಾದದ್ದು ದಾರ ಎಳೆದ ಮೇಲೆ. ಜಂಪ್, ಲೀಪ್, ಬೌಂಡ್, ಸ್ಪ್ರಿಂಗ್ ನಾಲ್ಕೂ ವರ್ಡ್‌ನೆಟ್‌ನಲ್ಲಿ ಒಂದೇ ಗುಂಪು. ಸರಿ. ಆದರೆ ಬೌಂಡ್ ಇನ್ನೊಂದು ಗುಂಪಿನಲ್ಲೂ ಇದೆ. ಅಲ್ಲಿ ಮಿತಿ ಹಾಕೋ ಅರ್ಥದಲ್ಲಿ ಅದರ ಜೊತೆಗಿರೋದು ಲಿಮಿಟ್, ರಿಸ್ಟ್ರಿಕ್ಟ್, ಕನ್‌ಫೈನ್, ಥ್ರಾಟಲ್. ಆ ಥ್ರಾಟಲ್ ಮತ್ತೊಂದು ಗುಂಪಿನಲ್ಲಿ ಸ್ಟ್ರ್ಯಾಂಗಲ್ ಜೊತೆ ಕೂತಿದೆ. ಜಂಪ್ ಮೊಳೆಯ ಮೇಲೆ ಬೆರಳಿಟ್ಟು ದಾರ ಹಿಡಿದು ಹೊರಡಿ: ಜಂಪ್, ಬೌಂಡ್, ಥ್ರಾಟಲ್, ಸ್ಟ್ರ್ಯಾಂಗಲ್. ಕುಣಿಯುತ್ತಾ ಹೊರಟವನು ಮೂರೇ ಹೆಜ್ಜೆಗೆ ಯಾರದೋ ಕತ್ತು ಹಿಸುಕುತ್ತಿರುತ್ತಾನೆ.

ಬೌಂಡ್‌ನದ್ದು ಸುಲಭದಲ್ಲೇ ಮುಗಿಯಿತು. ಅವು ನಿಜಕ್ಕೂ ಎರಡು ಬೇರೆ ಪದಗಳು. ನೆಗೆಯುವ ಬೌಂಡ್ ಬಂದದ್ದು ಫ್ರೆಂಚಿನ ಬೊಂದೀರ್‌ನಿಂದ. ಎಲ್ಲೆ ಅನ್ನುವ ಬೌಂಡ್‌ನ ಮೂಲ ಮಧ್ಯಕಾಲದ ಲ್ಯಾಟಿನ್‌ನಲ್ಲಿದೆ. ಕಾಗುಣಿತ ಒಂದೇ ಆಯ್ತು ಅಷ್ಟೇ. ಎರಡು ಮೊಳೆ ಹೊಡೆದೆ, ಎಲ್ಲೆಯದ್ದನ್ನು ಹಲಗೆಯ ಅಂಚಿಗೆ ದಬ್ಬಿದೆ.

ಸ್ಪ್ರಿಂಗ್ ಹಾಗಲ್ಲ. ಬೆಕ್ಕು ಗೋಡೆ ಮೇಲೆ ನೆಗೆದರೂ ಸ್ಪ್ರಿಂಗ್, ಬಗ್ಗಿಸಿ ಬಿಟ್ಟ ಕೊಂಬೆ ಹಿಂದಕ್ಕೆ ಚಿಮ್ಮಿದರೂ ಸ್ಪ್ರಿಂಗ್. ಎರಡಕ್ಕೂ ಬೇರು ಒಂದೇ, ಹಳೆಯ ಇಂಗ್ಲಿಷಿನ ಸ್ಪ್ರಿಂಗನ್. ಇದಕ್ಕೂ ಎರಡು ಮೊಳೆ ಹೊಡೆದರೆ ಹಲಗೆ ಸುಳ್ಳು ಹೇಳಿದ ಹಾಗೆ. ಒಂದೇ ಹೊಡೆದರೆ ಲೀಪ್‌ನಿಂದ ಸ್ಪ್ರಿಂಗ್, ಅಲ್ಲಿಂದ ರಿವರ್ಬರೇಟ್ (ಬಡಿದು ಮರಳೋದು, ಮಾರ್ದನಿಸೋದು), ಅಲ್ಲಿಂದ ಎಕೋ. ಹಳ್ಳ ದಾಟಲು ಹೋದವನು ಪ್ರತಿಧ್ವನಿಯಾಗಿ ವಾಪಸ್ ಬರ್ತಾನೆ!

ರೋಜೆ ಮಹಾಶಯ 1852ರಲ್ಲಿ ತಂದ ಥೆಸಾರಸ್‌ನಲ್ಲಿ (ಸಮಾನಾರ್ಥಕ ಪದಗಳ ಕೋಶ) ಲೀಪ್‌ಗೆ ಒಂದು ತಲೆಬರಹ, ರೀಕಾಯ್ಲ್‌ಗೆ (ಹಿಂದಕ್ಕೆ ಚಿಮ್ಮೋದು) ಇನ್ನೊಂದು ಕೊಟ್ಟು ಕೈ ತೊಳೆದುಕೊಂಡ. ಪುಸ್ತಕದಲ್ಲಿ ಒಂದೇ ಪದವನ್ನು ಎರಡು ಪುಟದಲ್ಲಿ ಹಾಕಿದರೆ ಯಾರೂ ಕೇಳಲ್ಲ. ಹಲಗೆ ಮೇಲೆ ಜಾಗ ಒಂದೇ.

ಪರಿಹಾರ ಹೊಳೆದದ್ದು ಮೊಳೆಯನ್ನು ಮೇಲಿನಿಂದ ನೋಡೋದು ಬಿಟ್ಟು ಪಕ್ಕದಿಂದ ನೋಡಿದಾಗ. ಮೊಳೆಗೆ ಎತ್ತರ ಇದೆಯಲ್ಲ! ಕೆಳಗಿನ ಅಂತಸ್ತಿನಲ್ಲಿ ಸ್ವಂತ ಬಲದಿಂದ ನೆಗೆಯುವ ಅರ್ಥ, ಕೆಂಪು ದಾರ. ಮೇಲಿನದರಲ್ಲಿ ಬಡಿದು ವಾಪಸಾಗುವ ಅರ್ಥ, ನೀಲಿ. ನಡುವೆ ಒಂದು ಗಾಜಿನ ಮಣಿ. ಒಂದೇ ಬಣ್ಣ ಹಿಡಿದು ಹೋದರೆ ಲೀಪ್‌ನಿಂದ ಎಕೋಗೆ ದಾರಿಯೇ ಇಲ್ಲ.

ಈಗ ಅಂಗಡಿಯವರ ಪುರಾಣ. ಆನ್‌ಲೈನ್‌ನಲ್ಲಿ ಕೇಳಿದ್ದು 40 ಎಂಎಂ, ತಲೆ ಇಲ್ಲದ ಹಿತ್ತಾಳೆ ಮೊಳೆ. ಬಂದದ್ದು 25 ಎಂಎಂ, ತಲೆ ಸಮೇತ. ಕೇಳಿದ್ದಕ್ಕೆ ‘ಸರ್, ಮೊಳೆ ಮೊಳೆನೇ ಅಲ್ವಾ’ ಅಂತ ಉತ್ತರ. ವಾಪಸ್ ಕಳಿಸೋಣ ಅಂದ್ರೆ ಮೊಳೆಗಿಂತ ಕೊರಿಯರ್ ಖರ್ಚೇ ಜಾಸ್ತಿ. ತಲೆ ಇದ್ದರೆ ಮಣಿ ಒಳಗೆ ಇಳಿಯಲ್ಲ. ಕಟಿಂಗ್ ಪ್ಲೈಯರ್‌ನಲ್ಲಿ ತಲೆ ಹಾರಿಸಿದೆ. ಕತ್ತರಿಸಿದ ಅಂಚು ದಾರವನ್ನೇ ಸೀಳಿತು. ಸಣ್ಣ ಅರ ಹಿಡಿದು ಒಂದೊಂದನ್ನೇ ಉಜ್ಜಿದೆ. ಪುಣ್ಯಕ್ಕೆ ಎರಡಂತಸ್ತು ಬೇಕಾದ ಪದಗಳು ಕಮ್ಮಿ. ರೇಷ್ಮೆ ಎಂಬ್ರಾಯ್ಡರಿ ದಾರ ನೋಡೋಕೆ ಚೆಂದ, ಆದರೆ ಮಣಿ ಮೇಲೆ ನಿಲ್ಲದೆ ಜಾರುತ್ತೆ. ಹತ್ತಿಯ ಕ್ರೋಶಾ ದಾರ ಹಾಕಿ, ಒಂದು ಸುತ್ತು ಹೆಚ್ಚು ಸುತ್ತಿ. ಅಂಟಿನ ತಂಟೆಗೆ ಹೋಗಬೇಡಿ, ಹಿತ್ತಾಳೆ ಮೇಲೆ ಬಿಳಿ ಕಲೆ ಉಳಿಯುತ್ತೆ.

ಮೇಲಿನ ಅಂತಸ್ತಿನಲ್ಲಿ ನನಗೆ ತುಂಬ ಇಷ್ಟವಾದ ಮೊಳೆ ‘ರಿಸೈಲ್’, ಅಂದ್ರೆ ಪುಟಿದು ವಾಪಸಾಗೋದು. ಬೌನ್ಸ್, ರಿಕೊಶೆಟ್ ಜೊತೆ ಕೂತಿದೆ, ಆದರೆ ರಿಸೈಲ್ ಆಗುವ ಚೆಂಡನ್ನು ಯಾರೂ ಕಂಡಿಲ್ಲ. ಅದು ಬದುಕಿರೋದು ನಮ್ಮ ಕೋರ್ಟುಗಳಲ್ಲಿ. ಸಾಕ್ಷಿ ಕಟಕಟೆಯಲ್ಲಿ ಉಲ್ಟಾ ಹೊಡೆದ ಅನ್ನೋದಕ್ಕೆ ತೀರ್ಪಿನಲ್ಲಿ ಬರೆಯೋದು ‘ರಿಸೈಲ್ಡ್’ ಅಂತ. ಅದಕ್ಕೊಂದು ಕಪ್ಪು ಮಣಿ ಹಾಕಿದ್ದೇನೆ, ವಕೀಲರ ಕೋಟಿನ ಲೆಕ್ಕದಲ್ಲಿ.

‘ಹಾಪ್’ ಇನ್ನೂ ಸತಾಯಿಸುತ್ತಿದೆ. ಟ್ರಿಪಲ್ ಜಂಪ್ ನಿಯಮದಲ್ಲಿ ಹಾಪ್ ಅಂದ್ರೆ ಯಾವ ಕಾಲಿನಿಂದ ಎದ್ದೆಯೋ ಅದೇ ಕಾಲಿನ ಮೇಲೆ ಇಳಿಯಬೇಕು, ಕುಂಟಾಬಿಲ್ಲೆಯ ಹಾಗೆ. ಇನ್ನೊಂದು ಕಾಲಿಗೆ ಬಂದರೆ ಅದು ಸ್ಟೆಪ್. ಚೆನ್ನಾಗಿದೆ ಅಂತ ಒಂಟಿ ಕಾಲಿನ ಚಿತ್ರ ಅಂಟಿಸಿದೆ. ಆದರೆ ಕಾಂಗರೂ ಎರಡೂ ಹಿಂಗಾಲು ಜೋಡಿಸಿ ಎಗರೋದಕ್ಕೂ ಇಂಗ್ಲಿಷಿನವರು ಹಾಪ್ ಅಂತಲೇ ಅನ್ನೋದು. ಚಿತ್ರ ಕಿತ್ತೆ. ಕಾಲಿನ ಲೆಕ್ಕ ಬಿಟ್ಟು ‘ಗಿಡ್ಡ ನೆಗೆತ’ ಅಂತ ಚೀಟಿ ಅಂಟಿಸಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ.

‘ಪ್ರಾಂಕ್’ (pronk) ಅಂತ ಒಂದಿದೆ, ತಮಾಷೆಯ ಪ್ರಾಂಕ್ (prank) ಅಲ್ಲ. ದಕ್ಷಿಣ ಆಫ್ರಿಕಾದ ಸ್ಪ್ರಿಂಗ್‌ಬಾಕ್ ಅನ್ನೋ ಜಿಂಕೆಯಂಥ ಪ್ರಾಣಿ ಬೆನ್ನು ಬಾಗಿಸಿ, ನಾಲ್ಕೂ ಕಾಲು ಸೆಟೆದು ನೆಟ್ಟಗೆ ಮೇಲಕ್ಕೆ ನೆಗೆಯುತ್ತಲ್ಲ, ಅದು. ಆಫ್ರಿಕಾನ್ಸ್ ಭಾಷೆಯಲ್ಲಿ ಅದಕ್ಕೆ ಜಂಭ ತೋರಿಸೋದು ಅಂತ ಅರ್ಥ. ಮೂಲೆಯಲ್ಲಿ ಒಂದೇ ದಾರದಲ್ಲಿ ನಿಂತಿದೆ, ಜಂಭದಿಂದಲೇ.

ಇದು ಮುಗಿಯುವ ಮೊದಲೇ ಮುಂದಿನದರ ಹುಚ್ಚು ಹತ್ತಿದೆ. ಲ್ಯಾಟಿನ್‌ನಲ್ಲಿ ಸಲೀರೆ ಅಂದ್ರೆ ನೆಗೆ. ಅದರ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ವೇಷ ಮರೆಸಿಕೊಂಡು ಓಡಾಡುತ್ತಿದ್ದಾರೆ: ಅಸಾಲ್ಟ್ ಅಂದ್ರೆ ಮೇಲೆ ಎಗರೋದು, ಇನ್‌ಸಲ್ಟ್ ಕೂಡ ಅದೇ, ರಿಸಲ್ಟ್ ಅಂದ್ರೆ ಪುಟಿದು ವಾಪಸ್ ಬಂದದ್ದು. ನಮ್ಮ ರಿಸೈಲ್ ಕೂಡ ಅದೇ ವಂಶ. ಡೆಸಲ್ಟರಿ (ಗೊತ್ತುಗುರಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹಾರುವ) ಅನ್ನೋದು ರೋಮ್‌ನ ಸರ್ಕಸ್‌ನಲ್ಲಿ ಓಡುವ ಒಂದು ಕುದುರೆಯಿಂದ ಇನ್ನೊಂದಕ್ಕೆ ಹಾರುತ್ತಿದ್ದ ಸವಾರನಿಂದ ಬಂದದ್ದು. ನನ್ನ ಕೆಲಸದ ವೈಖರಿಗೂ ಸರಿಯಾಗಿ ಹೊಂದುತ್ತೆ.

ಅದಕ್ಕೆ ನಾಲ್ಕಂತಸ್ತಾದರೂ ಬೇಕು, ಅಂದ್ರೆ 50 ಎಂಎಂ ಮೊಳೆ. ಹಾರ್ಡ್‌ವೇರ್ ಅಂಗಡಿಯಾತ ಕಿಲೋ ಲೆಕ್ಕದಲ್ಲಾದರೆ ಮಾತ್ರ ಕೊಡ್ತೀನಿ ಅಂತಾನೆ. ಯಾರಾದರೂ ಅರ್ಧ ಹಂಚಿಕೊಳ್ಳೋದಾದರೆ ಹೇಳಿ. ತಲೆ ಇಲ್ಲದ್ದು, ನೆನಪಿರಲಿ.